ಫ್ಯಾನಿನ ಜಾತ್ರೆಯಲ್ಲಿ ಸತ್ತು ತೋರಿಸಿದ್ದು

ಚೆನ್ನೈನಲ್ಲಿ ಗಾಳಿ ವಿದ್ಯುತ್ತಿನ ಅಂತರರಾಷ್ಟ್ರೀಯ ಮೇಳ ನಡೆದಾಗ ನನಗೆ ಕೊಟ್ಟ ಕೆಲಸ ಸಾಯುವುದು. ಬೇರೆ ಬೇರೆ ದೇಶಗಳ ಕಂಪನಿಗಳು ಅಲ್ಲಿ ಮಳಿಗೆ ಹಾಕಿದ್ದವು. ಯಾರೋ ರೆಕ್ಕೆ ಮಾರುತ್ತಿದ್ದರು, ಯಾರೋ ಸಮುದ್ರದ ನಡುವೆ ಕಂಬ ನೆಡುವ ಹಡಗಿನ ಗೊಂಬೆ ಇಟ್ಟುಕೊಂಡು ಕೂತಿದ್ದರು, ಇನ್ನೊಬ್ಬರು ಬೇರಿಂಗಿಗೆ ಹಚ್ಚುವ ಗ್ರೀಸನ್ನು ಅತ್ತರಿನಂತೆ ಸಣ್ಣ ಸೀಸೆಗೆ ತುಂಬಿ ಬಂದವರ ಮೂಗಿಗೆ ಹಿಡಿಯುತ್ತಿದ್ದರು. ನಾನು ಮಾತ್ರ ಹಗ್ಗಕ್ಕೆ ಜೋತುಬಿದ್ದು, ಕುತ್ತಿಗೆ ಒಂದು ಕಡೆ ವಾಲಿಸಿ, ಬಾಯಿ ಅರ್ಧ ತೆರೆದು, ಗಂಟೆಗೊಮ್ಮೆ ಸಾಯುತ್ತಿದ್ದೆ. ಚೆಂದಾಗಿ ಸಾಯುತ್ತಿದ್ದೆ ಅಂತ ನಾನೇ ಹೇಳಿಕೊಳ್ಳಬೇಕು, ಬೇರೆ ಯಾರು ಹೇಳುತ್ತಾರೆ. ಒಮ್ಮೆ ಒಬ್ಬ ವಿದೇಶಿ ಹೆಂಗಸು ನೀರಿನ ಬಾಟಲಿ ಹಿಡಿದು ಓಡಿಯೇ ಬಂದಿದ್ದಳು.

ಆ ಸಾವಿನಿಂದಾಗಿ ನನಗೆ ಬೇಕಾಗಿದ್ದ ಹುಡುಗಿ ನನಗೆ ಸಿಗಲಿಲ್ಲ. ಅವಳ ಮನೆಯವರು ಯಾರೂ ನನ್ನನ್ನು ಬೇಡ ಅನ್ನಲಿಲ್ಲ. ಬೇಡ ಅಂದಿದ್ದರೆ ಒಂದಿಷ್ಟು ದಿನ ಗಡ್ಡ ಬಿಟ್ಟು ಓಡಾಡಿ ಸುಮ್ಮನಾಗುತ್ತಿದ್ದೆನೋ ಏನೋ.

ನಮ್ಮದು ಹಾನಗಲ್ ತಾಲ್ಲೂಕಿನ ಅಕ್ಕಿಆಲೂರು. ರೈಸ್ ಮಿಲ್ಲಿನ ಗೋಡೆಗೆ ಹತ್ತಿಕೊಂಡ ಮನೆ. ಮಾತು ಬರುವುದಕ್ಕಿಂತ ಮೊದಲು ಮಿಲ್ಲಿನ ಸದ್ದು ತೆಗೆಯಲು ಕಲಿತಿದ್ದೆನೆಂದು ಅವ್ವ ಹೇಳುತ್ತಾಳೆ. ಆಮೇಲೆ ಬಸ್ಸಿನ ಕಂಡಕ್ಟರು, ಸಂತೆಯಲ್ಲಿ ಮೆಣಸಿನಕಾಯಿ ಮಾರುವ ಅಜ್ಜಿ, ನಮ್ಮ ಹೆಡ್‌ಮಾಸ್ತರರು, ಹೀಗೆ ಒಬ್ಬೊಬ್ಬರ ದನಿ ತೆಗೆದು ಒಬ್ಬೊಬ್ಬರಿಂದ ಏಟು ತಿಂದೆ. ಐಟಿಐ ಮುಗಿಸಿದ ಮೇಲೆ ಫ್ಯಾನುಗಳ ರಿಪೇರಿ ನೋಡಿಕೊಳ್ಳುವ ಒಂದು ಗುತ್ತಿಗೆ ಕಂಪನಿ ಸೇರಿ ಶಿಗ್ಗಾಂವಿಯಲ್ಲಿ ರೂಮು ಮಾಡಿದೆ. ಗಾಳಿಯಂತ್ರ ಅನ್ನುವುದು ಪೇಪರಿನವರ ಮಾತು. ನಮ್ಮ ಕಡೆ ಗುಡ್ಡದ ಮೇಲೆ ನಿಂತು ತಿರುಗುವುದೆಲ್ಲ ಫ್ಯಾನು. ಅದನ್ನು ಒಬ್ಬನೇ ಹತ್ತುವ ಹಾಗಿಲ್ಲ. ನನ್ನ ಜೋಡಿ ದುಂಡಸಿಯವನು. ಹತ್ತುವ ಮೊದಲು ಅವನು ನನ್ನ ಸೊಂಟದ ಬೆಲ್ಟು ಎಳೆದು ನೋಡುತ್ತಾನೆ, ನಾನು ಅವನದು. ನನ್ನಷ್ಟು ಮಾತಾಡುವವನ ಜೊತೆ ಅಷ್ಟು ಎತ್ತರದ ಕೊಳವೆಯೊಳಗೆ ಸಿಕ್ಕಿಕೊಂಡಿರುವುದಕ್ಕೆ ಅವನಿಗೆ ಬೇರೆ ಭತ್ಯೆ ಕೊಡಬೇಕಿತ್ತು.

ಹಿರೇಕೆರೂರಿನ ಕಡೆ ನಾವು ನೋಡಿಕೊಳ್ಳುವ ಫ್ಯಾನುಗಳಲ್ಲಿ ಒಂದು, ಒಬ್ಬ ರೈತರ ಗೋವಿನಜೋಳದ ಹೊಲದಲ್ಲಿ ನಿಂತಿದೆ. ನಾನು ಅವರನ್ನು ಕಾಕಾರು ಅನ್ನುತ್ತಿದ್ದೆ. ಫ್ಯಾನಿನ ಕಂಪನಿಯಿಂದ ಹೊಲದ ಬಾಡಿಗೆ ಬರುತ್ತಿದ್ದರೂ ಅದರ ಮೇಲೆ ಅವರದೊಂದು ತಕರಾರು ಇತ್ತು. ಮೋಡ ಬಂದ ಕೂಡಲೇ ಅದು ಕೈ ಬೀಸಿ, ಇಲ್ಲಿ ನಿಲ್ಲಬ್ಯಾಡ್ರಿ, ಮುಂದ ಹೋಗ್ರಿ ಅಂತ ಮಳೆಯನ್ನು ದಾಟಿಸಿಬಿಡುತ್ತದಂತೆ. ನಾನು ಫ್ಯಾನಿನ ಪರ ವಕೀಲಿ ಮಾಡುತ್ತಿದ್ದೆ. ಅವರು ಮಜ್ಜಿಗೆ ಕೊಟ್ಟು ಬೈಯುತ್ತಿದ್ದರು.

ಅವರ ಮಗಳು ಸವಣೂರಿನ ಒಂದು ಖಾಸಗಿ ಶಾಲೆಯಲ್ಲಿ ಟೀಚರು. ಅಲ್ಲೇ ಚಿಕ್ಕಮ್ಮನ ಮನೆಯಲ್ಲಿದ್ದು ಭಾನುವಾರ ಊರಿಗೆ ಬರುತ್ತಿದ್ದಳು. ಒಂದು ಭಾನುವಾರ ನಾನು ಫ್ಯಾನಿನ ಬುಡದಲ್ಲಿ ಬುತ್ತಿ ಬಿಚ್ಚಿ ಕೂತಿದ್ದಾಗ ಬಂದು, ನೀವು ಎಲ್ಲಾರ ದನಿ ತಗೀತೀರಂತಲ್ಲ, ನಮ್ಮ ಅಪ್ಪಂದು ತಗೀರಿ ನೋಡೂಣು ಎಂದಳು. ಕಾಕಾರು ಹೋರಿಗಳನ್ನು ನೀರಿಗೆ ಕರೆಯುವ ಕೂಗೊಂದಿತ್ತು. ಅದನ್ನು ತೆಗೆದೆ. ಬದುವಿನಲ್ಲಿ ಮಲಗಿದ್ದ ಹೋರಿ ದಡಕ್ಕನೆ ಎದ್ದು ನನ್ನ ಕಡೆಗೇ ನಡೆದು ಬಂತು. ಅವಳು ನಕ್ಕು ನಕ್ಕು ನಿಲ್ಲಲಾಗದೆ ನೆಲಕ್ಕೆ ಕೂತಳು. ಹೋರಿ ನನ್ನ ಬುತ್ತಿಯ ರೊಟ್ಟಿ ತಿಂದುಹಾಕಿತು. ಆ ದಿನದ ನಂತರ ನಾವು ಒಬ್ಬರಿಗೊಬ್ಬರು 'ನೀವು' ಅನ್ನುವುದನ್ನು ಬಿಟ್ಟೆವು.

ವಿಷಯ ಮನೆಯವರೆಗೆ ಒಯ್ದವಳು ನಮ್ಮ ಅಕ್ಕ. ಅವಳನ್ನು ಹಿರೇಬೆಂಡಿಗೇರಿಗೆ ಕೊಟ್ಟಿದೆ. ಶಿಗ್ಗಾಂವಿಯಿಂದ ಹತ್ತಿರವೆಂದು ವಾರಕ್ಕೆರಡು ಸಲ ನನ್ನ ಊಟ ಅವಳಲ್ಲೇ. ಮಂದಿ, ಮನೆತನ ಎಲ್ಲ ಹೊಂದುತ್ತಿತ್ತು. ಭಾವನ ಜೊತೆ ಹೋಗಿ ಅಕ್ಕ ಕೇಳಿ ಬಂದಳು. ಕಾಕಾರು ಹ್ಞೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಹುಡುಗ ಚಲೋ, ಬಾಯಿ ಸ್ವಲ್ಪ ಜಾಸ್ತಿ ಎಂದರಂತೆ. ಫ್ಯಾನಿಗೆ ಹೊಲ ಕೊಟ್ಟ ರೈತರಲ್ಲಿ ಕೆಲವರನ್ನು ಕಂಪನಿಯವರು ಚೆನ್ನೈನ ಮೇಳಕ್ಕೆ ಕರೆದೊಯ್ಯುವವರಿದ್ದರು, ಅದರಲ್ಲಿ ಕಾಕಾರೂ ಒಬ್ಬರು. ನಮ್ಮ ಗುತ್ತಿಗೆ ಕಂಪನಿಯಿಂದ ನಾನೂ ನನ್ನ ಜೋಡಿಯೂ ಹೊರಟಿದ್ದೆವು. ಫ್ಯಾನಿನ ಜಾತ್ರ್ಯಾಗ ಅವನ ಕೆಲಸ ಎಂಥಾದ್ದು ಅಂತ ಕಣ್ಣಿಲೆ ನೋಡಿ ಬಂದು ಹೇಳ್ತೇನಿ ಅಂತ ಕಾಕಾರು ಅಕ್ಕನಿಗೆ ಮಾತು ಕೊಟ್ಟಿದ್ದರು.

ಅವರ ಪಡಸಾಲೆಯ ಗೋಡೆಯಲ್ಲಿ ಅವಳ ಅಣ್ಣನ ಫೋಟೊ ಇತ್ತು, ಮಾಲೆ ಹಾಕಿದ್ದು. ಕರೆಂಟ್ ಹೊಡೆದು ಹೋದ ಅಂತಷ್ಟೇ ನನಗೆ ಗೊತ್ತು. ನಮ್ಮ ಕಡೆ ಕರೆಂಟ್ ಹೊಡೆಯಿತೆಂದರೆ ಅದು ಹೊಲದ ಪಂಪ್‌ಸೆಟ್ಟಿನ ಪೆಟ್ಟಿಗೆಯೇ ಇರುತ್ತದೆ. ಮಳೆಗಾಲದಲ್ಲಿ ಒದ್ದೆ ಕೈಯಿಂದ ಮೋಟಾರು ಚಾಲೂ ಮಾಡಲು ಹೋದವರ ಸುದ್ದಿ ಎಲ್ಲ ಊರಲ್ಲೂ ಇದೆ. ಇದೂ ಹಾಗೇ ಅಂದುಕೊಂಡೆ. ಮಗನನ್ನು ಕಳೆದುಕೊಂಡವರ ಮನೆಯಲ್ಲಿ ಕೂತು, ಹೆಂಗ ಹೋದ್ನರಿ ಅಂತ ಬಿಡಿಸಿ ಕೇಳುವ ರೂಢಿ ನಮ್ಮಲ್ಲಿಲ್ಲ. ಅಣ್ಣನ ಮಾತು ಬಂದರೆ ಅವಳೂ ಬೇರೆ ಕಡೆ ನೋಡುತ್ತಿದ್ದಳು.

ಚೆನ್ನೈನಲ್ಲಿ ಮೇಳ ನಡೆದ ಆ ಹಾಲ್ ನಮ್ಮ ಅಕ್ಕಿಆಲೂರಿನ ಸಂತೆಯನ್ನು ಹಂದರ, ಎತ್ತು, ಗಾಡಿ ಸಮೇತ ಒಳಗಿಟ್ಟುಕೊಂಡು ಬಾಗಿಲು ಹಾಕಬಹುದಾದಷ್ಟು ದೊಡ್ಡದು. ಒಳಗೆ ಎಲ್ಲ ಕಡೆ ಫ್ಯಾನಿನ ಮಾತು, ಗಾಳಿ ಮಾತ್ರ ಏಸಿಯದು. ಕಾಕಾರು ಹೆಗಲ ಮೇಲಿನ ಟವೆಲ್ಲನ್ನು ಕಿವಿಗೆ ಸುತ್ತಿಕೊಂಡು, ಕೊರಳಲ್ಲಿ ಕಂಪನಿ ಕೊಟ್ಟ ಗುರುತಿನ ಚೀಟಿ ತೂಗಿಸಿಕೊಂಡು, ನನ್ನನ್ನು ದುಭಾಷಿಯನ್ನಾಗಿ ಮಾಡಿಕೊಂಡು ತಿರುಗಿದರು. ಸಮುದ್ರದ ಫ್ಯಾನುಗಳ ಮಳಿಗೆಯಲ್ಲಿದ್ದ ಒಬ್ಬ ಬಿಳಿಯ ಸಾಹೇಬನಿಗೆ, ಇವು ಮಳೆ ಓಡಿಸುತ್ತವೋ ಇಲ್ಲವೋ ಖರೆ ಹೇಳು ಅಂತ ಕೇಳಿಸಿದರು. ನನ್ನ ಇಂಗ್ಲಿಷು ಕುಂಟಿಕೊಂಡು ಹೋಗಿ ಮುಟ್ಟಿತು. ಅವನು ಗಂಭೀರವಾಗಿ ಯೋಚಿಸಿ, ನಮ್ಮ ದೇಶದಲ್ಲಿ ವರ್ಷವಿಡೀ ಮಳೆ, ಓಡಿಸುವ ಫ್ಯಾನು ಯಾರಾದರೂ ಮಾಡಿದರೆ ಮೊದಲು ನಾನೇ ಕೊಳ್ಳುತ್ತೇನೆ ಎಂದ. ಕಾಕಾರಿಗೆ ಆ ಉತ್ತರ ಹಿಡಿಸಿತು. ಸಮುದ್ರದ ಉತಾರ ಯಾರ ಹೆಸರಿಲೆ ಐತಿ, ಬಾಡಿಗೆ ಯಾರಿಗೆ ಕೊಡ್ತೀರಿ ಅಂತಲೂ ಕೇಳು ಎಂದರು. ಹೊಲದ ಹಕ್ಕು ತೋರಿಸುವ ಉತಾರದ ಕಾಗದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ತಿಳಿಯದೆ ನಾನು ಸಾಹೇಬನಿಗೆ ನಮಸ್ಕಾರ ಮಾಡಿ ಅವರನ್ನು ಮುಂದಕ್ಕೆ ಎಳೆದೆ. ಆ ಹೊತ್ತಿಗೆ ನನ್ನ ಮನಸ್ಸಿನಲ್ಲಿ ಅವರು ಆಗಲೇ ಮಾವನವರು.

ನಮ್ಮ ಮಳಿಗೆ ಬೆಲ್ಟು, ಹಗ್ಗ, ಹೆಲ್ಮೆಟ್ಟಿನದು. ಎರಡು ಅಂತಸ್ತಿನ ಎತ್ತರಕ್ಕೆ ಕಬ್ಬಿಣದ ಚೌಕಟ್ಟು ಎಬ್ಬಿಸಿದ್ದರು. ಫ್ಯಾನಿನ ಮೇಲೆ ಕೆಲಸ ಮಾಡುವಾಗ ಒಬ್ಬನಿಗೆ ಪ್ರಜ್ಞೆ ತಪ್ಪಿ ಹಗ್ಗದಲ್ಲಿ ನೇತಾಡಿದರೆ ಅವನ ಜೋಡಿ ಹೇಗೆ ಕೆಳಗಿಳಿಸುತ್ತಾನೆ ಅನ್ನುವುದನ್ನು ಗಂಟೆಗೊಮ್ಮೆ ತೋರಿಸಬೇಕಿತ್ತು. ನೇತಾಡುವುದಕ್ಕೆ ಮರಳು ತುಂಬಿದ ಒಂದು ಗೊಂಬೆ ಬರಬೇಕಿತ್ತು. ಲಾರಿಯಲ್ಲಿ ಬರುವಾಗ ಅದರ ಹೊಲಿಗೆ ಬಿಚ್ಚಿ, ಗೊಂಬೆಯ ಅರ್ಧ ಜೀವ ಹೆದ್ದಾರಿಯಲ್ಲೇ ಸೋರಿಹೋಗಿತ್ತು. ಮ್ಯಾನೇಜರು ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿದರು. ತೂಕ ಕಡಿಮೆ, ನಾಟಕ ಜಾಸ್ತಿ. ನಾನು ಅವರು ಕೇಳುವ ಮೊದಲೇ ಒಪ್ಪಿದೆ.

ಎರಡನೆಯ ದಿನ ಬೇರೆ ಊರಿನ ರೈತರನ್ನೆಲ್ಲ ಸಮುದ್ರ ತೋರಿಸಲು ಕರೆದುಕೊಂಡು ಹೋದರು. ಕಾಕಾರು ಹೋಗಲಿಲ್ಲ. ಸಮುದ್ರ ಎಲ್ಲಿಗೂ ಹೋಗೂದಿಲ್ಲ ತಮ್ಮಾ, ನಿನ್ನ ಕೆಲಸ ನೋಡಾಕ ಬಂದೇನಿ, ಅದನ್ನ ತೋರಸು ಎಂದರು. ಹನ್ನೊಂದು ಗಂಟೆಗೆ ನಮ್ಮ ಮಳಿಗೆಗೆ ಬರ್ರಿ ಎಂದೆ. ಏನು ಕೆಲಸ ಅಂತ ಹೇಳಲಿಲ್ಲ. ನೋಡಿ ನಗಲಿ ಅನ್ನುವ ಆಸೆ.

ಅವತ್ತು ಎಂದಿಗಿಂತ ಚೆನ್ನಾಗಿ ಸತ್ತೆ. ಮೈಕಿನಲ್ಲಿ ಒಬ್ಬಳು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದಳು. ನಾನು ಮೇಲಿಂದ ಜಾರಿ, ಹಗ್ಗ ಜಗ್ಗಿ, ಕೆಳಗಿನವರ ಕೈಗೆ ಕಾಲು ಸಿಗುವಷ್ಟು ಎತ್ತರದಲ್ಲಿ ತೂಗಿ ನಿಂತೆ. ಒಂದು ಸಲ ನರಳಿ, ಕುತ್ತಿಗೆ ಚೆಲ್ಲಿ, ಕೈಗಳನ್ನು ಸಡಿಲ ಬಿಟ್ಟೆ. ಕಣ್ಣು ಮುಚ್ಚಿದ್ದೆ. ಜೋಡಿ ಮೇಲಿಂದ ಇಳಿಯುವ ಸದ್ದು ಕೇಳುತ್ತಿತ್ತು. ಅಷ್ಟರಲ್ಲಿ ಯಾರೋ ನನ್ನ ಎರಡೂ ಬೂಟುಗಳನ್ನು ಕೆಳಗಿಂದ ಹಿಡಿದರು. ಹಿಡಿದು ಮೇಲಕ್ಕೆತ್ತಿದರು. ಹಗ್ಗ ಸಡಿಲಾಯಿತು. ನನ್ನ ಭಾರವೆಲ್ಲ ಯಾರದೋ ಹೆಗಲಿನ ಮೇಲೆ ಕೂತಿತು.

"ಮ್ಯಾಲಿನ ಬೆಲ್ಟ್ ಬಿಡಸ್ರಿ. ಭಾರ ನಾ ಹಿಡದೇನಿ. ಲಗೂನ ಬಿಡಸ್ರಪಾ, ಭಾರ ನಾ ಹಿಡದೇನಿ."

ದನಿ ನನಗೆ ಗೊತ್ತಿತ್ತು, ಆ ದನಿಯಿಂದ ಹೋರಿಗೇ ಮೋಸ ಮಾಡಿದವನು ನಾನು. ಕಾಕಾರು ತಾವೂ ನಾಟಕಕ್ಕೆ ಇಳಿದರೆಂದುಕೊಂಡೆ. ಮಾವ ಅಳಿಯ ಕೂಡಿಯೇ ಪಾತ್ರ ಮಾಡುವುದಾಯಿತಲ್ಲ ಅಂತ ಖುಷಿಯಾಗಿ, ಒಂದು ಕಣ್ಣು ತೆರೆದು, ನಾಲಿಗೆ ಹೊರಗೆ ಹಾಕಿ ಅವರನ್ನು ಅಣಕಿಸಿದೆ.

ಅವರ ಮುಖ ನನ್ನ ಮೊಣಕಾಲಿಗೆ ಒತ್ತಿಕೊಂಡಿತ್ತು. ಎತ್ತಿ ನೋಡಿದರು. ಗಲ್ಲ ಪೂರಾ ಒದ್ದೆ. ಸುತ್ತ ನಿಂತ ಜನ ಇದೂ ತೋರಿಕೆಯ ಭಾಗವೆಂದು ತಿಳಿದು ಚಪ್ಪಾಳೆ ಹೊಡೆದರು, ಮೊಬೈಲು ಎತ್ತಿ ಹಿಡಿದರು. ನನ್ನ ಜೋಡಿ ಅರ್ಧದಲ್ಲೇ ನಿಂತುಬಿಟ್ಟಿದ್ದ. ನನ್ನನ್ನು ಇಳಿಸಿದ ಮೇಲೂ ಕಾಕಾರು ಹಸಿರು ಕಾರ್ಪೆಟ್ಟಿನ ಮೇಲೆ ಕೂತು ನನ್ನ ಒಂದು ಬೂಟು ಹಿಡಿದೇ ಇದ್ದರು. ಬಿಡಿಸಲು ನನಗೆ ಧೈರ್ಯ ಬರಲಿಲ್ಲ. ಹನ್ನೆರಡರ ತೋರಿಕೆಗೆ ಜೋಡಿಯೇ ನೇತಾಡಿದ. ಕೆಟ್ಟದಾಗಿ ಸತ್ತನಂತೆ.

ಕಾಕಾರು ಮತ್ತೆ ಮಾತಾಡಿದ್ದು ಮರುದಿನ, ಹುಬ್ಬಳ್ಳಿ ಕಡೆಯ ರೈಲಿನಲ್ಲಿ, ಮಧ್ಯಾಹ್ನದ ಊಟ ಮುಗಿದ ಮೇಲೆ. ಎದುರಿನ ಸೀಟಿನಲ್ಲಿ ಕಿಟಕಿಗೆ ಮುಖ ಮಾಡಿ ಕೂತಿದ್ದವರು, ನನ್ನ ಕಡೆ ತಿರುಗದೆಯೇ ಶುರು ಮಾಡಿದರು. ಮಗ ಗುತ್ತಿಗೆಯ ಮೇಲೆ ಲೈನ್‌ಮನ್ನರ ಜೊತೆ ಕಂಬ ಹತ್ತುತ್ತಿದ್ದನಂತೆ. ಆದದ್ದು ಕಂಬದ ಮೇಲೆಯೇ.

"ಬೆಲ್ಟ್ ಇತ್ತಲ್ಲ, ಕೆಳಗ ಬೀಳಲಿಲ್ಲ. ಹಂಗ ನೇತಾಡಕೋಂತ ಇದ್ದ. ಲೈನ್ ಬಂದ್ ಮಾಡಿಸಿ, ಕಂಬದ ಬುಡಕ ಚಕ್ಕಡಿ ನಿಲ್ಲಿಸಿ, ಅದರ ಮ್ಯಾಲ ಹತ್ತಿ ನಾ ಅವನ ಕಾಲು ಹಿಡದೆ. ಬೆಲ್ಟ್ ಹೊಟ್ಟಿಗೆ ಒತ್ತತೈತಿ, ಹುಡುಗಗ ನೋಯ್ತೈತಿ ಅಂತ ಎತ್ತಿ ಹಿಡದೆ. ಕಾಲು ಇನ್ನಾ ಬಿಸಿ ಇದ್ದು."

ಚಹಾದವನು ಬಂದು ಹೋದ. ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು.

"ಎಷ್ಟ ಹೊತ್ತು ಹಿಡಕೊಂಡ್ರೂ ಅಂವಾ ಕಣ್ಣು ತಗೀಲಿಲ್ಲ. ನೀ ತಗದಿ. ನಾಲಿಗಿ ತಗದು ನಕ್ಕಿ ಬ್ಯಾರೆ."

ನನ್ನ ಬಾಯಿಗೆ ಅಂಥ ಹೊತ್ತಿನಲ್ಲಿ ಏನು ಮಾಡಬೇಕೋ ಗೊತ್ತಿಲ್ಲ. ಕಾಕಾರ, ಈ ಕೆಲಸ ಬಿಡ್ತೇನ್ರಿ, ಅಕ್ಕಿಆಲೂರಾಗ ಅಂಗಡಿ ಹಾಕ್ತೇನಿ ಎಂದೆ. ಅವರು ಮೊದಲ ಸಲ ನನ್ನ ಕಡೆ ತಿರುಗಿದರು. ಯಾಕ ಬಿಡ್ತಿ, ಬೆಲ್ಟ್ ಚಲೋತ್ನಂಗ ಕಟ್ಕೊಂಡು ಹತ್ತು ಎಂದರು. ಮನಿಗೆ ಬಾ, ಅಕಿ ನಿನ್ನ ನೋಡಲಿ ಎಂದರು. ಅಕಿ ಅಂದರೆ ಅವರ ಹೆಂಡತಿ. ಅತ್ತೆಯಾಗುವವಳು ಅಳಿಯನನ್ನು ನೋಡುವುದು ಅಂತ ನಾನು ಅರ್ಥ ಮಾಡಿಕೊಂಡೆ. ಬೇರೆ ಅರ್ಥವೂ ಇರಬಹುದೆಂದು ಆಗ ಹೊಳೆಯಲಿಲ್ಲ.

ನಾವು ಹಾವೇರಿಯಲ್ಲಿ ಇಳಿಯುವ ಮೊದಲೇ ವಿಡಿಯೋ ಹಿರೇಕೆರೂರು ಮುಟ್ಟಿತ್ತು. ಯಾರದೋ ಮೊಬೈಲಿನಿಂದ ಯಾರಿಗೋ ಹೋಗಿ, ಹೊಲ ಕೊಟ್ಟವರ ಗುಂಪಿಗೆ ಬಂದು, ಅವಳ ಅವ್ವನ ಫೋನಿನಲ್ಲಿ ಕೂತಿತ್ತು.

ಚೆನ್ನೈಯಿಂದ ಬಂದ ಮೇಲೆ ಅವರ ಮನೆಗೆ ಮೊದಲ ಸಲ ಹೋದಾಗ ಅವಳ ಅವ್ವ ಕಾಲಿಗೆ ನೀರು ಕೊಡಲು ಚರಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ನಾನು ಕಾಲು ತೊಳೆಯುವುದನ್ನು ಬಿಡದೆ ನೋಡಿದಳು. ಕಾಲು ಒರೆಸಿಕೊಂಡು ಒಳಗೆ ಬಂದ ಮೇಲೂ ಪಾದವನ್ನೇ ನೋಡುತ್ತಿದ್ದಳು. ನನ್ನ ಪಾದಗಳು ಅಷ್ಟು ನೋಡುವಂಥವಲ್ಲ. ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಮೇಲೆ ಕೆನೆ ಮೊಸರು. ಸಾಕ್ರಿ ಅಂದರೆ ಕೇಳಿಸದವಳಂತೆ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು. ಬರುವಾಗ ಕೈಗೆ ಬುತ್ತಿಯ ಗಂಟು. ಚಳಿಗಾಲ ಹೋಗಿ ಬೇಸಿಗೆ ಬಂತು, ಬೇಸಿಗೆ ಹೋಗಿ ಗಾಳಿ ಎದ್ದಿತು. ಹದಿನೈದು ದಿನ ನಾನು ಕಾಣದಿದ್ದರೆ ಕಾಕಾರ ಫೋನು ಬರುತ್ತಿತ್ತು. ನಾನು ದಪ್ಪಗಾದೆ. ಹೀಗೇ ತಿನ್ನಿಸಿದರೆ ಮದುವೆಗೆ ಹೊಲಿಸುವ ಅಂಗಿಗೆ ಎರಡು ಗಜ ಜಾಸ್ತಿ ಬೇಕು ಅಂತ ಜೋಡಿ ಗೋಳು ಹುಯ್ದುಕೊಳ್ಳುತ್ತಿದ್ದ, ಹಗ್ಗದಲ್ಲಿ ಇಳಿಸಬೇಕಾದವನು ಅವನಲ್ಲವೇ.

ಅವಳ ಫೋನು ಮಾತ್ರ ಕಡಿಮೆಯಾಗುತ್ತ ಬಂತು. ಶಾಲೆಯಲ್ಲಿ ಪರೀಕ್ಷೆ ಇರಬೇಕು ಅಂದುಕೊಂಡೆ. ಪರೀಕ್ಷೆ ಮುಗಿದ ಮೇಲೆ, ರಜೆಯಲ್ಲಿ ಮನೆಗೆಲಸ ಇರಬೇಕು ಅಂದುಕೊಂಡೆ. ಅಕ್ಕ ನಡುವೆ ಒಂದು ಸಲ ಕಾಕಾರಿಗೆ ಮದುವೆಯ ಮಾತು ನೆನಪಿಸಿದ್ದಳು. ಆ ಮಾತು ಈಗ ಬ್ಯಾಡವಾ, ಹುಡುಗನ್ನ ಮಾತ್ರ ಕಳಿಸ್ತಿರು ಅಂದರಂತೆ. ಅಕ್ಕನ ಮುಖ ಸಣ್ಣದಾಗಿತ್ತು. ನಾನು ಅವಳ ಮುಖದ ಅಣಕು ಮಾಡಿ ತೋರಿಸಿ ಬೈಸಿಕೊಂಡೆ.

ಶ್ರಾವಣ ಬಂತು. ಫ್ಯಾನುಗಳಿಗೆ ಅದು ಸುಗ್ಗಿ, ನಮಗೆ ರಜೆ ಸಿಗದ ಕಾಲ. ಪಂಚಮಿಗೆ ನಾಕು ದಿನ ಇರುವಾಗ ಕಾಕಾರು ಫೋನು ಮಾಡಿ, ಸವಣೂರಿಂದ ಮಗಳನ್ನ ನಿನ್ನ ಗಾಡಿ ಮ್ಯಾಲ ಹಬ್ಬಕ್ಕ ಕರ್ಕೊಂಡು ಬಾ ಎಂದರು. ಖುಷಿಗೆ ನನ್ನ ಕಾಲು ನೆಲಕ್ಕೆ ಹತ್ತಲಿಲ್ಲ. ಇನ್ನೂ ನಿಶ್ಚಯವೇ ಆಗದ ಹುಡುಗನ ಗಾಡಿಯ ಮೇಲೆ ಹಾಡುಹಗಲು ಮಗಳನ್ನು ಕಳಿಸುವ ತಂದೆ ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ. ಮ್ಯಾನೇಜರರ ದನಿಯಲ್ಲಿ ಸೂಪರ್‌ವೈಸರಿಗೆ ಫೋನು ಮಾಡಿ ನನಗೆ ನಾನೇ ರಜೆ ಕೊಡಿಸಿಕೊಂಡೆ. ಹಬ್ಬದ ಹಿಂದಿನ ದಿನ ಹೊಸ ಅಂಗಿ ಹಾಕಿ, ಸುದ್ದಿ ಹೇಳಲು ಮೊದಲು ಹಿರೇಬೆಂಡಿಗೇರಿಗೆ ಹೋದೆ.

ಅಕ್ಕ ತಲೆ ಬಾಚಿಕೊಂಡು, ಹೊಸ ಸೀರೆ ಉಟ್ಟು, ಚೀಲ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಗಾಡಿ ಸದ್ದಿಗೆ ಎದ್ದು ನಿಂತಳು. ನಾನು ಇಳಿಯದೆಯೇ, ಸವಣೂರಿಗೆ ಹೊಂಟೇನಿ, ಕಾಕಾರು ಅಕಿನ್ನ ಪಂಚಮಿಗೆ ಕರ್ಕೊಂಡು ಬಾ ಅಂದಾರ ಎಂದೆ. ಅಕ್ಕ ಮತ್ತೆ ಕೂತಳು.

"ನನ್ನ ಕರಿಯಾಕ ಬಂದಿ ಅಂತ ತಿಳದಿದ್ದೆ," ಎಂದಳು. ಚೀಲ ಪಕ್ಕಕ್ಕೆ ಸರಿಸಿ, "ಪಂಚಮಿಗೆ ಹೆಣ್ಣುಮಕ್ಕಳನ್ನ ಕರಿಯಾಕ ಬರೋರು ಯಾರಲೇ?"

ಉತ್ತರ ನಮ್ಮ ಕಡೆಯ ಯಾವ ಕೂಸಿಗೂ ಗೊತ್ತು. ಪಂಚಮಿ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಕರೆಯಲು ಹೋಗುವವನು ಅಣ್ಣ, ಇಲ್ಲ ತಮ್ಮ. ಮದುವೆಯಾದಾಗಿನಿಂದ ಅಕ್ಕನನ್ನು ಕರೆದೊಯ್ದವನು ನಾನೇ. ಈ ವರ್ಷ ಅದನ್ನೇ ಮರೆತು ಅವಳ ಅಂಗಳದಲ್ಲಿ ಗಾಡಿ ಚಾಲೂ ಇಟ್ಟುಕೊಂಡು ನಿಂತಿದ್ದೆ. ಎಂಟು ತಿಂಗಳ ಊಟ, ಚರಿಗೆಯ ನೀರು, ಹುಡುಗಿಯ ಫೋನು ಕಡಿಮೆಯಾದದ್ದು, ಎಲ್ಲ ಒಟ್ಟಿಗೆ ಬಂದು ಎದುರಿಗೆ ನಿಂತವು. ಗಾಡಿ ಬಂದ್ ಮಾಡಿದೆ. ಅಕ್ಕ ಅಳಲಿಲ್ಲ, ಬೈಯಲೂ ಇಲ್ಲ. ನಾ ಬಸ್ಸಿಗೆ ಹೊಕ್ಕೇನಿ, ಅವ್ವಗ ಏನಂತ ಹೇಳಲಿ ಅಂತಷ್ಟೇ ಕೇಳಿದಳು.

ಸವಣೂರಿನ ಬಸ್ ಸ್ಟ್ಯಾಂಡಿನ ಹೊರಗೆ ಅವಳು ಕಾಯುತ್ತಿದ್ದಳು, ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಅಪ್ಪನಿಗೆಂದು ಕೊಂಡ ಖಾರದ ಪೊಟ್ಟಣ. ಕಂಡಕ್ಟರನ ದನಿಯಲ್ಲಿ ಹಾವೇರಿ, ಹಿರೇಕೆರೂರ, ಹತ್ರೀ ಲಗೂನ ಎಂದೆ. ಅವಳು ನಗಲಿಲ್ಲ, ಒಂದೇ ಕಡೆ ಕಾಲು ಹಾಕಿ ಹಿಂದೆ ಕೂತಳು, ನಡುವೆ ಚೀಲ ಇಟ್ಟುಕೊಂಡಳು. ಹಾವೇರಿ ದಾಟಿದೆವು. ಗಾಳಿಗೆ ಗಾಡಿ ಪಕ್ಕಕ್ಕೆ ಸರಿಯುತ್ತಿತ್ತು. ಗುಡ್ಡದ ಸಾಲು ಕಾಣುವ ಕಡೆ ಒಂದು ಚಹಾದಂಗಡಿ ಇದೆ, ಅಲ್ಲಿ ನಿಲ್ಲಿಸು ಎಂದಳು.

ಅಪ್ಪ ಅವ್ವ ನನ್ನನ್ನು ಮಗನ ಜಾಗದಲ್ಲಿ ಕೂರಿಸಿದ್ದು ಅವಳಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಹೇಳಲು ಬಾಯಿ ಬರದೆ ಫೋನು ಕಡಿಮೆ ಮಾಡಿದ್ದಳು. ಅವ್ವ ಆ ವಿಡಿಯೋ ದಿನಾ ನೋಡುತ್ತಾಳೆ ಎಂದಳು. ಹೆಲ್ಮೆಟ್ಟಿನಲ್ಲಿ ನನ್ನ ಮುಖ ಕಾಣುವುದಿಲ್ಲ. ಅಪ್ಪ ಕಾಲು ಹಿಡಿದದ್ದು ಕಾಣುತ್ತದೆ, ಹಿಡಿದ ಮೇಲೆ ಕಾಲು ಅಲುಗಾಡಿದ್ದು ಕಾಣುತ್ತದೆ. ಅವ್ವ ಅಲ್ಲಿಗೆ ನಿಲ್ಲಿಸಿ, ಮತ್ತೆ ಮೊದಲಿಂದ ಹಚ್ಚುತ್ತಾಳೆ. ಅಣ್ಣ ಹೋದ ಮೇಲೆ ಆ ಮನೆಯಲ್ಲಿ ಪಂಚಮಿಯೇ ಇರಲಿಲ್ಲ. ಈ ವರ್ಷ ಅವ್ವ ತಾನಾಗಿಯೇ ಶೇಂಗಾ ಹುರಿಯಲು ಕೂತಿದ್ದಾಳೆ.

ಹಾಗಾದರೆ ಅಳಿಯ ಆದರೇನು ತಪ್ಪು, ಆಗಲೂ ಬಂದು ಉಣ್ಣುತ್ತೇನಲ್ಲ ಎಂದೆ. ನನ್ನ ದನಿ ನನಗೇ ಜಗಳಗಂಟ ಹುಡುಗನ ದನಿಯಂತೆ ಕೇಳಿತು.

"ಅಳಿಯಾ ಆದ್ರ ನೀ ನನ್ನಾಂವ. ಅವರಿಗೆ ಮತ್ತ ಯಾರೂ ಇಲ್ಲ," ಎಂದಳು. ಚಹಾದ ಲೋಟ ಎರಡೂ ಕೈಯಲ್ಲಿ ಹಿಡಿದಿದ್ದಳು, ಕುಡಿದಿರಲಿಲ್ಲ. "ನೀ ಇಲ್ಲಿಂದ ಗಾಡಿ ತಿರುಗಿಸಿದ್ರ ನಾ ಯಾಕಂತ ಕೇಳಂಗಿಲ್ಲ, ಹಿಂದ ಕುಂತು ಬರ್ತೇನಿ. ಆದ್ರ ತಿರುಗಿಸು ಅಂತ ನನ್ನ ಬಾಯಿಲೆ ಹೇಳಸಬ್ಯಾಡ."

ಅಷ್ಟರಲ್ಲಿ ಅವಳ ಫೋನು ಬಂತು. ಅವ್ವ. ಸ್ಪೀಕರಿಗೆ ಹಾಕಿದಳು. ಎಲ್ಲಿದ್ದೀರಿ, ಎಷ್ಟು ದೂರ ಬಂದಿರಿ, ಉಂಡಿಗೆ ಬೆಲ್ಲದ ಪಾಕ ಬಂದೈತಿ, ಆರೂದರಾಗ ಬರ್ರಿ. ಹಿಂದಿನಿಂದ ಕಾಕಾರು ಏನೋ ಚೇಷ್ಟೆ ಮಾಡಿದರು, ಅವ್ವ ನಕ್ಕಳು. ಫೋನಿನಲ್ಲಿ ಬಂದ ಆ ನಗೆಗೆ ಇವಳು ಲೋಟ ಕೆಳಗಿಟ್ಟು ಬೇರೆ ಕಡೆ ತಿರುಗಿದಳು. ಅಣ್ಣ ಹೋದ ಮೇಲೆ ಅವ್ವ ನಕ್ಕದ್ದು ಇವಳು ಕೇಳಿರಲಿಲ್ಲ. ನಾನು ಎಲ್ಲರ ನಗೆ ತೆಗೆಯಬಲ್ಲೆ, ಆ ನಗೆಯನ್ನು ಇವತ್ತಿನವರೆಗೆ ತೆಗೆದು ನೋಡಿಲ್ಲ.

ಗುಡ್ಡದ ಮೇಲೆ ಫ್ಯಾನುಗಳು ಒಂದೇ ಸಮನೆ ತಿರುಗುತ್ತಿದ್ದವು. ನಾನು ಚಹಾದವನಿಗೆ ಲೋಟ ಕೊಟ್ಟು, ಗಾಡಿ ಹತ್ತಿ, ಹಿರೇಕೆರೂರಿನ ಕಡೆಗೇ ಹೊರಟೆ. ಅವಳು ಹಿಂದೆ ಕೂತಳು. ಸ್ವಲ್ಪ ದೂರ ಹೋದ ಮೇಲೆ ನಡುವಿನ ಚೀಲ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಹಣೆಯನ್ನು ನನ್ನ ಬೆನ್ನಿಗೆ ಒರಗಿಸಿದಳು. ಊರಿನ ಅಗಸಿ ಬಾಗಿಲು ಕಾಣುವವರೆಗೆ ಹಾಗೇ ಇದ್ದು, ಆಮೇಲೆ ನೆಟ್ಟಗೆ ಕೂತಳು.

ಮರುದಿನ ಬೆಳಿಗ್ಗೆ ಹಾಲೆರೆಯುವುದು. ಪಡಸಾಲೆಯಲ್ಲಿ ಮಣೆಯ ಮೇಲೆ ಮಣ್ಣಿನ ನಾಗಪ್ಪ, ಮುಂದೆ ಉಂಡಿ, ಜೋಳದ ಅಳ್ಳು, ತಂಬಿಟ್ಟು. ಕೊಬ್ಬರಿ ಬಟ್ಟಲಲ್ಲಿ ಹಾಲು ಹಿಡಿದು, ಮನೆಯವರ ಒಬ್ಬೊಬ್ಬರ ಪಾಲು ಅಂತ ಬಾಯಿಬಿಟ್ಟು ಹೇಳಿ ಎರೆಯಬೇಕು. ಎರೆಯುವಾಗ ಯಾರ ಪಾಲು ಹೇಳುತ್ತೀರೋ ಅವರು ನಿಮ್ಮವರು. ಕಾಕಾರು ಮೊದಲು ಎರೆದರು. ದೇವರ ಪಾಲು, ಹಿರಿಯರ ಪಾಲು, ಹೆಂಡತಿ ಪಾಲು, ಮಗಳ ಪಾಲು. ಆಮೇಲೆ ಮಗನ ಪಾಲು ಎಂದರು. ಅವ್ವನೂ ಎರೆದಳು. ಮಗನ ಪಾಲು ಅನ್ನುವಾಗ ಹಾಲು ಮಣೆಯ ಮೇಲೆ ಚೆಲ್ಲಿತು. ತನ್ನ ಸರದಿ ಬಂದಾಗ ನನ್ನ ಹುಡುಗಿ (ಇನ್ನು ನಾನು ಹಾಗೆ ಅನ್ನಬಾರದು) ಅಣ್ಣನ ಪಾಲು ಅಂತ ತುಟಿ ಅಲುಗಿಸಿದಳು. ದನಿ ಹೊರಡಲಿಲ್ಲ. ಯಾರೂ ಅವಳನ್ನು ಒತ್ತಾಯಿಸಲಿಲ್ಲ.

ಬಟ್ಟಲು ನನ್ನ ಕೈಗೆ ಬಂತು. ಅದಕ್ಕೆ ಹಾಲು ಹಾಕಿದವಳು ಅವಳೇ. ನಾನು ದೇವರ ಪಾಲು ಎಂದೆ, ಅಪ್ಪನ ಪಾಲು, ಅವ್ವನ ಪಾಲು ಎಂದೆ. ಆಗ ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಅಕ್ಕಿಆಲೂರಿಗೆ ಒಬ್ಬಳೇ ಬಸ್ಸಿನಲ್ಲಿ ಹೋದ ಅಕ್ಕನ ಪಾಲು ಎಂದೆ. ಬಟ್ಟಲಲ್ಲಿ ಇನ್ನೂ ಹಾಲಿತ್ತು. ಎಲ್ಲರೂ ಕಾಯುತ್ತಿದ್ದರು. ಯಾರದಾದರೂ ದನಿಯಲ್ಲಿ ಹೇಳಿಬಿಡೋಣವೆಂದು ಹುಡುಕಿದೆ, ಕಂಡಕ್ಟರು, ಹೆಡ್‌ಮಾಸ್ತರು, ಮ್ಯಾನೇಜರು, ಒಬ್ಬನೂ ಬರಲಿಲ್ಲ.

"ತಂಗಿ ಪಾಲು," ಎಂದೆ.

ಅವ್ವ ಪಕ್ಕದಲ್ಲಿ ಕೂತು ನನ್ನ ಬೆನ್ನಿನ ಮೇಲೆ ಕೈಯಿಟ್ಟಳು. ಕೈ ಬೆಚ್ಚಗಿತ್ತು.

"ಜೋರಾಗಿ ಹೇಳೋ ಯಪ್ಪಾ. ನಾಗಪ್ಪಗ ಕೇಳಬೇಕು."

ಹಾಲಿನ ತಂಬಿಗೆ ಹಿಡಿದು ಎದುರಿಗೆ ಕೂತವಳು ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದಳು. ನಾನು ಜೋರಾಗಿ ಹೇಳಿದೆ.